ನಡೆದಾಡಿದರೆ ಸರಿಹೋಗುತ್ತೆ

ಹೊಟ್ಟೆ ಉಬ್ಬಿಕೊಂಡಿದ್ದ ಕ್ಷೌರಿಕನನ್ನು, ಬರೀ ಗ್ಯಾಸ್ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ಮಾರನೆಯ ದಿನ ಅವನು ಸತ್ತ.

ಈಗ ಅದೇ ಆಸ್ಪತ್ರೆಯ ಗಾಡಿಯೊಳಕ್ಕೆ ಅವನ ಹೆಣವನ್ನು ನೂಕುತ್ತಿದ್ದರು. ಗಾಡಿ ಪುಕ್ಕಟೆ. ಜೊತೆಗೆ ಬಂದಿದ್ದ ಆಸ್ಪತ್ರೆಯ ಮ್ಯಾನೇಜರು ಸತ್ತವನ ತಮ್ಮನ ಭುಜ ತಟ್ಟಿದ.

“ಬೇಗ ಮುಗಿಸಿಬಿಡಿ. ಸ್ಮಶಾನದಲ್ಲಿ ಎಲ್ಲ ಹೇಳಿಟ್ಟಿದ್ದೀನಿ.”

“ನಿನ್ನೆ ಆಂಬುಲೆನ್ಸ್ ಕೇಳಿದ್ರೆ ಖಾಲಿ ಇಲ್ಲ ಅಂದ್ರಿ,” ಎಂದರು ಸಲೂನಿನ ಹಳೇ ಗಿರಾಕಿ ಮೇಷ್ಟ್ರು. “ಹೆಣ ಆದ್ಮೇಲೆ ಗಾಡಿ ಬಾಗಿಲಿಗೇ ಬಂತಲ್ಲ, ಏನು ಪ್ರೀತಿಯಪ್ಪ!”

“ಸುಮ್ನಿರಿ ಮೇಷ್ಟ್ರೇ. ಹೋದವನು ಬರ್ತಾನಾ?” ಎಂದ ತಮ್ಮ.

ವಾರ್ಡಿನ ನರ್ಸ್ ಬಂದಿದ್ದಳು. ಮ್ಯಾನೇಜರಿಗೆ ಬೆನ್ನು ತೋರಿಸಿ ನಿಂತು, ಸತ್ತವನ ಹೆಂಡತಿಯ ಕಿವಿಯಲ್ಲಿ ಹೇಳಿದಳು: “ಆಪರೇಷನ್ ಮಾಡುವಾಗ ರೋಬೋಟ್ ಯಂತ್ರದ ಕೈ ಕ್ಯಾಮೆರಾಕ್ಕೆ ಕಾಣದ ಕಡೆ ಕರುಳಿಗೆ ತಾಗಿರಬಹುದು ಅಮ್ಮಾ. ಸರ್ಕಾರಿ ಆಸ್ಪತ್ರೇಲಿ ಕೊಯ್ದು ನೋಡಿದ್ರೆ ಗೊತ್ತಾಗುತ್ತೆ. ಸುಟ್ಟುಬಿಟ್ರೆ ಮುಗೀತು.”

“ಮತ್ತೆ ಕೊಯ್ಸಬೇಕಾ?” ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

*

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್, ರೋಬೋಟ್ ಕೈಯಲ್ಲಿ ಆಪರೇಷನ್ ಎಂದಾಗಲೂ ಅವನು ನಗಾಡಿದ್ದ. “ರೋಬೋಟೇ ವಾಸಿ ಕಣೇ. ಅದು ಹೆಂಡ್ತಿ ಹತ್ರ ಜಗಳ ಆಡ್ಕೊಂಡು ಕೆಲಸಕ್ಕೆ ಬರಲ್ಲ.”

ಆಪರೇಷನ್ ಆದ ಮಾರನೆಯ ದಿನ ವಾಂತಿ ಶುರುವಾಯಿತು. ಹೊಟ್ಟೆಯ ಮೇಲಿನ ಪುಟ್ಟ ಗಾಯಗಳಲ್ಲಿ ಒಂದರ ಹತ್ತಿರ ಮಾತ್ರ ಮುಟ್ಟಿಸಿಕೊಳ್ಳಲಾಗದ ನೋವು.

“ಸಾರ್, ಇದೊಂದೇ ಗಾಯ ನೋಯ್ತಿದೆ. ಹೊಟ್ಟೆನೂ ಏರ್ತಿದೆ. ಸ್ಕ್ಯಾನ್ ಮಾಡಿಸೋಣ್ವಾ?” ನರ್ಸ್ ಕೇಳಿದ್ದಳು.

ಡಾಕ್ಟರ ಹಿಂದೆ ಹೊಸ ಯಂತ್ರ ನೋಡಲು ಬಂದ ಅತಿಥಿಗಳಿದ್ದರು. “ಜ್ವರ ಇದೆಯಾ? ಇಲ್ವಲ್ಲ? ಗ್ಯಾಸು. ನಡೆದಾಡಿದ್ರೆ ಸರಿಹೋಗುತ್ತೆ. ನಮ್ಮ ರೋಬೋಟ್ ಪೇಷಂಟು ಎರಡನೇ ದಿನ ಮನೇಲಿರ್ತಾರೆ.”

ಅವನು ನಡೆದ. ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ನಡೆದ. ಅತಿಥಿಗಳು ಚಪ್ಪಾಳೆ ತಟ್ಟಿದಾಗ ಅವರಿಗೊಂದು ನಗೆಯನ್ನೂ ಕೊಟ್ಟ. ಆಮೇಲೆ ಅಲ್ಲೇ ಕುಸಿದು ಕೂತವನನ್ನು ಹೆಂಡತಿ ಗದರಿಸಿದ್ದಳು: “ದೊಡ್ಡೋರು ಹೇಳಿದ್ಮೇಲೆ ಕೇಳ್ಬೇಕು. ಏಳಿ, ಇನ್ನೊಂದು ಸುತ್ತು.”

*

ಗಾಡಿ ಗುರುಗುಟ್ಟಿತು. ಹೆಂಡತಿ ಹೋಗಿ ಅದರ ಹಿಂಬಾಗಿಲ ಅಂಚಿನಲ್ಲಿ, ಗಂಡನ ಪಾದಗಳಿಗೆ ಒರಗಿ, ಕಾಲು ಹೊರಗೆ ಇಳಿಬಿಟ್ಟು ಕೂತಳು.

“ಬಾಗಿಲು ಹಾಕ್ಬೇಕು, ಇಳೀರಮ್ಮ,” ಎಂದ ಡ್ರೈವರ್.

“ಸ್ಮಶಾನಕ್ಕೆ ಬೇಡ. ಸರ್ಕಾರಿ ಆಸ್ಪತ್ರೆಗೆ ನಡಿಯಪ್ಪ. ಕೊಯ್ದು ನೋಡ್ಲಿ.”

ಮ್ಯಾನೇಜರು ಓಡಿ ಬಂದ. “ಅಲ್ಲಮ್ಮಾ, ಸತ್ತವರಿಗೂ ಹಿಂಸೆ ಕೊಡ್ತೀರಾ? ನಿಮಗೆ ಕರುಣೆ ಇಲ್ವಾ?”

“ಅತ್ತಿಗೆ, ಜನ ನೋಡ್ತಿದ್ದಾರೆ,” ತಮ್ಮ ಗೋಗರೆದ. “ಇವರನ್ನ ಎದುರು ಹಾಕ್ಕೊಂಡು ನಾವು ಬದುಕೋಕಾಗುತ್ತಾ? ಅವ್ರು ಹೇಳ್ದಂಗೆ ಕೇಳಿ. ಇಳೀರಿ.”

“ನಡೀರಿ ಅಂದ್ರು, ನಡೆಸ್ದೆ. ಕರ್ಕೊಂಡು ಹೋಗಿ ಅಂದ್ರು, ಕರ್ಕೊಂಡು ಬಂದೆ.” ಅವಳು ಮೈದುನನ ಮುಖ ನೋಡಲಿಲ್ಲ. “ಇಳಿಯಲ್ಲ.”

ಮ್ಯಾನೇಜರು ಬಾಗಿಲು ದೂಡಿದ. ಅದು ಅವಳ ಮೊಣಕಾಲಿಗೆ ಬಡಿದು ಹಿಂದೆ ಬಂತು. ಇನ್ನೊಮ್ಮೆ ದೂಡಿದ. ಅವಳು ಕಾಲು ತೆಗೆಯಲಿಲ್ಲ.