ಮಾತ್ರೆಯ ಹೊತ್ತು

ಬೋರಮ್ಮ ಗಂಡನ ಹೆಣದ ಪಕ್ಕದಿಂದ ದಡಕ್ಕನೆ ಎದ್ದು, ಅಡುಗೆಮನೆಗೆ ನುಗ್ಗಿ, ಒಲೆಗೆ ಎರಡು ತೆಂಗಿನ ಮಟ್ಟೆ ತುರುಕಿ ಕಡ್ಡಿ ಗೀರಿದಳು.

ಹೊಗೆ ಜಗಲಿಗೆ ಬಂದದ್ದೇ ತಡ, ಸತ್ತವನ ಚಿಕ್ಕಪ್ಪ ಸಣ್ಣತಿಮ್ಮಯ್ಯ ಹೌಹಾರಿದ. "ಯಾರ್ಲಾ ಅದು ಒಲೆ ಹಚ್ಚಿದ್ದು? ಹೆಣ ಎತ್ತೋಕೆ ಮುಂಚೆ ಒಲೆ ಹಚ್ಚೋದುಂಟಾ!"

"ನಾನೇ ಮಾವ," ಎಂದು ಒಳಗಿನಿಂದಲೇ ಕೂಗಿದಳು ಬೋರಮ್ಮ.

ಅವಳ ಗಂಡ ಮಾಯಣ್ಣ ಹಿಂದಿನ ಸಂಜೆ ಕೊಬ್ಬರಿ ಅಟ್ಟದಿಂದ ಇಳಿದು ಬಂದು, ಮಜ್ಜಿಗೆ ಕೇಳಿ, ಅದು ಬರುವಷ್ಟರಲ್ಲಿ ಕಂಬಕ್ಕೆ ಒರಗಿ ಹೋಗಿಬಿಟ್ಟಿದ್ದ. ಮಗಳು ಶಿವಮೊಗ್ಗದಿಂದ ಬರಬೇಕು. ಅವಳ ರೈಲು ತಿಪಟೂರಿಗೆ ಇನ್ನೂ ಬಂದಿರಲಿಲ್ಲ. ಹೆಣ ಎತ್ತುವವರೆಗೆ ಸಾವಿನ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲಿನಿಂದ ನಡೆದು ಬಂದದ್ದು.

ಆದರೆ ಬೋರಮ್ಮನ ಕಣ್ಣು ಬೆಳಗಿನಿಂದ ನಾದಿನಿಯ ಮೇಲೇ ಇತ್ತು. ಅರಳಗುಪ್ಪೆಯಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದ ಹೊಂಬಾಳಮ್ಮ ಅಣ್ಣನ ಕಾಲು ಹಿಡಿದು ಕೂತವಳು ಎದ್ದಿರಲಿಲ್ಲ. ಚೀಲದೊಳಗಿನ ಮಾತ್ರೆ ಡಬ್ಬಿ ಮುಚ್ಚಿದಂತೆಯೇ ಇತ್ತು. ಎಂಟು ಗಂಟೆಗೆ ನುಂಗಬೇಕಾದ ಮಾತ್ರೆ. ಈಗ ಹನ್ನೆರಡು. ಹೊಂಬಾಳಮ್ಮನ ಹೊಟ್ಟೆಯಲ್ಲಿದ್ದದ್ದು ಮಾಯಣ್ಣನ ಕಿಡ್ನಿ. ಮಾತ್ರೆ ತಪ್ಪಿದರೆ ಅದೂ ಉಳಿಯದು, ಅವಳೂ ಉಳಿಯಳು.

* * *

ಒಂಬತ್ತು ವರ್ಷದ ಹಿಂದೆ, ಎಪ್ಪತ್ತಾರನೇ ಇಸವಿಯಲ್ಲಿ, ತಂಗಿಯ ಎರಡೂ ಕಿಡ್ನಿ ಕೆಟ್ಟವೆಂದಾಗ ಮಾಯಣ್ಣ ತನ್ನದೊಂದನ್ನು ಕೊಡುತ್ತೇನೆಂದ. ಬೋರಮ್ಮ ಒಂದು ವಾರ ಜಗಳ ಕಾದಳು.

"ಇರೋ ಎರಡ್ರಲ್ಲಿ ಒಂದು ಕೊಟ್ಬುಟ್ರೆ ನಿಮ್ಗೇನ್ರೀ ಗತಿ?"

"ಒಂದಿದ್ರೆ ಸಾಕಂತೆ ಕಣೇ. ಎರಡೆತ್ತು ಇರೋನು ತಂಗಿಗೆ ಒಂದು ಕೊಡಲ್ವಾ?"

ವೇಲೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದನ್ನು ಮಾಯಣ್ಣ ಹೆಂಡತಿಗೆ ತನ್ನ ಬಾಯಲ್ಲಿ ಹೇಳಿದ. "ನಮ್ಮ ತೋಟಕ್ಕೆ ನಾಯಿ ಇಲ್ವಾ, ಹಂಗೇ ಮೈಯೊಳಗೂ ಒಂದು ಕಾವಲು ಐತಂತೆ. ಹೊಸಬರು ಬಂದ್ರೆ ಕಚ್ಚತದೆ. ನನ್ನ ಕಿಡ್ನಿ ಅವಳ ಮೈಗೆ ಹೊಸಬ. ಈ ಹಳದಿ ಮಾತ್ರೆ, ಬಿಳಿ ಮಾತ್ರೆ ಅವೆಯಲ್ಲ, ಅವು ನಾಯಿ ಬಾಯಿ ಕಟ್ತವೆ."

"ಬಾಯಿ ಕಟ್ಟಿದ ಮೇಲೆ ನಿಜವಾದ ಕಳ್ಳ ಬಂದ್ರೆ?"

"ಅಲ್ಲೇ ಇರೋದು ನೋಡು ಪಜೀತಿ! ಅದಕ್ಕೇ ಕೆಮ್ಮೋರ ಹತ್ರ ಕೂರಂಗಿಲ್ಲ, ತಂಗಳು ಉಣ್ಣಂಗಿಲ್ಲ, ಕಾಯ್ಸಿದ ನೀರೇ ಕುಡೀಬೇಕು. ಇರೋಗಂಟ ಮಾತ್ರೆ ಬಿಡಂಗಿಲ್ಲ."

ಬಿಳಿ ಮಾತ್ರೆಗೆ ಹೊಂಬಾಳಮ್ಮನ ಮುಖ ಉಬ್ಬಿ ಗುಂಡಗಾಯಿತು, ಗಲ್ಲದಲ್ಲಿ ಕೂದಲು ಬಂತು. "ಅಣ್ಣನ ಮನೇದು ಚೆನ್ನಾಗಿ ಉಂಡವಳೆ" ಎಂದು ಊರವರು ಆಡಿಕೊಂಡರು. ಒಂದು ಮದುವೆಗೆ ಈ ಮುಖ ಹೊತ್ತು ಹೋಗಲಾರೆನೆಂದು ಅವಳು ಯಾರಿಗೂ ಹೇಳದೆ ಹತ್ತು ದಿನ ಮಾತ್ರೆ ಬಿಟ್ಟಳು. ಮುಖ ಇಳಿಯುವ ಬದಲು ಕಾಲು ಊದಿತು, ಉಚ್ಚೆ ನಿಂತಿತು. ಮಾಯಣ್ಣ ಅಳುತ್ತಲೇ ಅವಳನ್ನು ಮತ್ತೆ ವೇಲೂರಿಗೆ ಹೊತ್ತೊಯ್ದ. ಕಿಡ್ನಿ ಕೂದಲೆಳೆಯಲ್ಲಿ ಉಳಿಯಿತು.

ಅಲ್ಲಿಂದಾಚೆ ಸಂತೆಯಾಗಲಿ, ಬಸ್ ಸ್ಟಾಂಡಾಗಲಿ, ತಂಗಿ ಕಂಡರೆ ಸಾಕು, ಮಾಯಣ್ಣ ದೂರದಿಂದಲೇ ಕೂಗುತ್ತಿದ್ದ. "ಹೊಂಬಾಳೂ, ಸಲೀಸಾಗಿ ಆಯ್ತದೇನೇ?"

ಅವಳು ನಾಚಿ ನೀರಾಗಿ, "ಚೊಂಬು ತುಂಬ ಆಯ್ತದೆ, ಸುಮ್ಕಿರಣ್ಣಯ್ಯ!" ಎನ್ನುತ್ತಿದ್ದಳು. ಸಂತೆಗೆ ಸಂತೆಯೇ ನಗುತ್ತಿತ್ತು.

* * *

ಸಣ್ಣತಿಮ್ಮಯ್ಯ ಕೋಲೂರಿಕೊಂಡು ಅಡುಗೆಮನೆ ಬಾಗಿಲಿಗೆ ಬಂದ. "ಹೊಂಬಾಳು ಹಸಿವು ತಡೀಲಾರದಿದ್ರೆ ಎಳನೀರು ಕುಡೀಲಿ ಬುಡವ್ವ. ಒಲೆ ಆರ್ಸು."

"ಖಾಲಿ ಹೊಟ್ಟೆಗೆ ಆ ಬಿಳಿ ಮಾತ್ರೆ ಬಿದ್ರೆ ಹೊಟ್ಟೆ ಹುಣ್ಣಾಯ್ತದೆ. ತಂಗಳು ಕೊಡಂಗಿಲ್ಲ. ಮಾವ, ನಿಮ್ಮಣ್ಣನ ಮಗ ಪೂರಾ ಸತ್ತಿಲ್ಲ. ಒಂದು ತುಂಡಿಗೆ ಇನ್ನೂ ಜೀವ ಐತೆ. ಅದಕ್ಕೆ ಬಿಸಿ ಮುದ್ದೆ ಬೇಕು."

ಮುದುಕ ಒಲೆಯನ್ನೂ ನೋಡಿದ, ಹೆಣವನ್ನೂ ನೋಡಿದ.

"ಸಾರಿಗೆ ಉಪ್ಪು ಕಮ್ಮಿ ಹಾಕು," ಎಂದ ಕೊನೆಗೆ. "ಡಾಕ್ಟ್ರು ಹೇಳವ್ರೆ ಅಂತ ಮಾಯಣ್ಣ ಊರೆಲ್ಲ ಸಾರ್ಕೊಂಡು ಬಂದಿದ್ನಲ್ಲ."

ಬೋರಮ್ಮ ತಟ್ಟೆ ಹಿಡಿದು ಹೆಣದ ಪಕ್ಕದಲ್ಲೇ ಕೂತಳು. ಹೊಂಬಾಳಮ್ಮ ಮುಖ ತಿರುಗಿಸಿದಳು. "ಅಣ್ಣಯ್ಯನೇ ಹೋದ್ಮೇಲೆ ನಂಗ್ಯಾಕತ್ತಿಗೆ ಮಾತ್ರೆ?"

"ಹೋದ್ರಾ? ಯಾರೇ ಹೇಳಿದ್ದು?" ಬೋರಮ್ಮ ನಾದಿನಿಯ ಬಲಗಡೆ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟಳು. "ಇಲ್ಲೇ ಅವ್ರೆ ನಿಮ್ಮಣ್ಣ. ಒಂದೇ ದಿನ ಎರಡು ಸಲ ಮುಂಡೆ ಮಾಡ್ತೀಯೇನೇ ನನ್ನ? ಕೊಡಬೇಡಿ ಅಂತ ಅವತ್ತು ಜಗಳ ಆಡ್ದೋಳು ನಾನೇ. ಇವತ್ತು ಕೇಳ್ಕೊತೀನಿ ಕಣೇ, ಉಳಿಸ್ಕೊಡು."

ಹೊಂಬಾಳಮ್ಮ ಗೊಳೋ ಎಂದು ಅಳುತ್ತಲೇ ಬಾಯಿ ತೆರೆದಳು. ಮುದ್ದೆ ಇಳಿಯಿತು. ಹಳದಿಯೂ ಬಿಳಿಯೂ ಇಳಿದವು. ಮೇಲೆ ಎರಡು ಚೊಂಬು ಕಾಯಿಸಿದ ನೀರು ಕುಡಿಸಿಯೇ ಬೋರಮ್ಮ ಎದ್ದಳು.

ಮೂರಕ್ಕೆ ಮಗಳು ಬಂದಳು. ಅತ್ತದ್ದಾಯಿತು, ಪೂಜೆಯಾಯಿತು. ನಾಲ್ವರು ಚಟ್ಟಕ್ಕೆ ಹೆಗಲು ಕೊಡಬೇಕು, ಅಷ್ಟರಲ್ಲಿ ಹೊಂಬಾಳಮ್ಮ ಅತ್ತಿಗೆಯ ಕಿವಿಯಲ್ಲಿ ಏನೋ ಉಸುರಿ ಕೊಟ್ಟಿಗೆಯ ಹಿಂದಕ್ಕೆ ಓಡಿದಳು.

"ಇದೇನವ್ವಾ, ಈಗ್ಲೇನಾ! ಹೊತ್ತಾಯ್ತಾ ಐತೆ, ಎತ್ರಪ್ಪ!" ಎಂದ ಸಣ್ಣತಿಮ್ಮಯ್ಯ.

"ಚೂರು ತಾಳಿ ಮಾವ," ಎಂದಳು ಬೋರಮ್ಮ. "ನಿಮ್ಮಣ್ಣನ ಮಗ ಇನ್ನೂ ಕೆಲಸದಲ್ಲಿ ಅವ್ರೆ."

ಹೊರುವವರು ಮುಖ ಮುಖ ನೋಡಿಕೊಂಡು ನಿಂತರು. ಹೊಂಬಾಳಮ್ಮ ಸೆರಗು ಸರಿಪಡಿಸಿಕೊಳ್ಳುತ್ತಾ ಬಂದಳು. ಬೋರಮ್ಮನಿಗೆ ಅದೇನನ್ನಿಸಿತೋ, ಕಣ್ಣೊರೆಸಿಕೊಂಡು, ಥೇಟ್ ಗಂಡನ ಗಂಟಲಲ್ಲೇ ಕೂಗಿದಳು.

"ಹೊಂಬಾಳೂ, ಸಲೀಸಾಗಿ ಆಯ್ತೇನೇ?"

ಹೊಂಬಾಳಮ್ಮ ಗಕ್ಕನೆ ನಿಂತಳು. ಆ ಗುಂಡು ಮುಖ ನಿಧಾನವಾಗಿ ಅರಳಿತು.

"ಚೊಂಬು ತುಂಬ ಆಯ್ತು, ಸುಮ್ಕಿರತ್ತಿಗೆ!"

ಮೊದಲು ಕಿಸಕ್ಕೆಂದವನು ಸಣ್ಣತಿಮ್ಮಯ್ಯನೇ. ಆಮೇಲೆ ಅಂಗಳದಲ್ಲಿ ಯಾರೂ ತಡೆದುಕೊಳ್ಳಲಿಲ್ಲ. ನಗುವ ನಾಲ್ಕು ಹೆಗಲುಗಳ ಮೇಲೆ ಕುಲುಕುತ್ತಾ, ಸೇವಂತಿಗೆ ಉದುರಿಸುತ್ತಾ, ಮಾಯಣ್ಣ ತೆಂಗಿನ ಸಾಲಿನ ನಡುವೆ ಹೊರಟ.