ಗುದ್ದಲಿ ಎತ್ತುವ ಮುಂಚೆ ಒಂದು ಮಾತು ಕೇಳಿ

ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದೇ ಹನಿಹನಿ. ಪಕ್ಕದ ಮನೆಯ ಗಾರೆ ಮೇಸ್ತ್ರಿಗೆ ರೋಸಿಹೋಯಿತು. ಹೊಸ ಪೈಪು ಹಾಕುತ್ತೇನೆಂದು ಬೆಳಿಗ್ಗೆಯೇ ಗುದ್ದಲಿ ಹಿಡಿದು ಮನೆ ಮುಂದೆ ನಿಂತ.

ಎದುರುಮನೆ ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ನೋಡಿದವಳೇ ಓಡಿಬಂದಳು.

"ತಾಳಪ್ಪ ಮೇಸ್ತ್ರಿ! ಇಲ್ಲಿದ್ದ ಕೇಬಲ್ ಗುರುತಿನ ಕಲ್ಲು ಎಲ್ಲಿ?"

"ಅದಾ? ಬಟ್ಟೆ ಒಗೆಯೋಕೆ ಲಾಯಕ್ಕಾಗಿತ್ತು. ಕಿತ್ತು ಹಿತ್ತಲಲ್ಲಿ ಹಾಕಿದೀನಿ."

"ಅಯ್ಯೋ ನಿನ್ನ! ಅದರ ಕೆಳಗೇ ಫೋನಿನ ಕೇಬಲ್ ಹೋಗಿರೋದು. ಕಚೇರಿಯಲ್ಲಿ ಹೇಳ್ತೀನಿ, ನಾಳೆ ಬಂದು ಜಾಗ ತೋರಿಸ್ತಾರೆ. ಅಲ್ಲೀವರೆಗೂ ಅಗೀಬೇಡ."

"ಮೊಬೈಲು ಗಾಳಿಯಲ್ಲಿ ಬರುತ್ತೆ ಅಕ್ಕ, ಮಣ್ಣಲ್ಲಲ್ಲ. ನನ್ನ ಕಿವಿಗೇ ಹೂ ಇಡ್ತೀರಾ?"

"ನಿನ್ನ ಕೈಯಿಂದ ಟವರ್ ತನಕ ಗಾಳಿ. ಅಲ್ಲಿಂದಾಚೆ ಇದೇ ಕೇಬಲ್ಲು, ಮಾರಾಯ!"

ಕೇಳುವ ಆಸಾಮಿಯೇ ಅವನು? ಅಕ್ಕ ಕೆಲಸಕ್ಕೆ ಹೋದದ್ದೇ ತಡ, ಅಗೆಯಲು ಶುರುಮಾಡಿದ. ಕರಿ ಕೊಳವೆಯೊಂದು ಅಡ್ಡ ಸಿಕ್ಕಿತು. ಹಾಳು ಹಳೇ ಪೈಪೆಂದು ಕಡಿದೇಬಿಟ್ಟ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಡತಿ ಚೀರಿದಳು. "ರೀ! ಮಗು ನೋಡ್ರೀ!"

ಜ್ವರದಲ್ಲಿ ಮಲಗಿದ್ದ ಮಗಳಿಗೆ ಫಿಟ್ಸ್ ಬಂದಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ತುಟಿ ನೀಲಿಯಾಗಿತ್ತು. ಮೇಸ್ತ್ರಿ ಮಣ್ಣಿನ ಕೈಯಲ್ಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದ. ಸದ್ದಿಲ್ಲ. ಹೆಂಡತಿಯ ಫೋನಿನಲ್ಲೂ ಇಲ್ಲ, ನನ್ನದರಲ್ಲೂ ಇಲ್ಲ. ನಾವೆಲ್ಲ ಫೋನು ಎತ್ತಿ ಹಿಡಿದು ಬೀದಿ ತುಂಬ ಹುಚ್ಚರ ಹಾಗೆ ಓಡಾಡಿದೆವು. ಕೊನೆಗೆ ಮೇಸ್ತ್ರಿ ಮಗುವನ್ನು ಎತ್ತಿಕೊಂಡು ದೊಡ್ಡ ರಸ್ತೆಗೆ ಓಡಿದ. ಹಾಲಿನ ವ್ಯಾನಿನವನು ಪುಣ್ಯಾತ್ಮ, ಹತ್ತಿಸಿಕೊಂಡ. ಅವನು ಆ ಹೊತ್ತಿಗೆ ಬರದೇ ಇದ್ದಿದ್ದರೆ?

ಮಗು ಉಳಿಯಿತು. ಸಂಜೆ ಆಸ್ಪತ್ರೆಗೆ ಅಕ್ಕ ಬಂದಳು. ಮೇಸ್ತ್ರಿ ತಲೆ ಎತ್ತಲಿಲ್ಲ.

"ನನ್ನ ಕೈಯಾರೆ ನನ್ನ ಮಗೂನೇ ಕೊಲ್ತಿದ್ದೆ ಅಕ್ಕ."

"ಆ ಕೇಬಲ್ ಜೋಡಿಸಿದ ಮೇಲೆ ಸುತ್ತಮುತ್ತಲ ಊರುಗಳ ಫೋನೆಲ್ಲ ಈಗಷ್ಟೇ ಸರಿಹೋಯ್ತು ಕಣಪ್ಪ," ಎಂದಳು ಅಕ್ಕ.

"ಅಂದ್ರೆ... ಬೇರೆಯವರ ಮನೇಲೂ ಇವತ್ತು ಯಾರಿಗಾದ್ರೂ..."

ಮೇಸ್ತ್ರಿಯ ಹೆಂಡತಿ ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದಳು: "ನಾಳೆ ಮೊದಲು ಆ ಕಲ್ಲು ನೆಡಿ. ನೀರು ಆಮೇಲೆ."

ಅಣ್ಣಂದಿರೇ, ಅಕ್ಕಂದಿರೇ, ನೆಲ ಅಗೆಯುವ ಮುಂಚೆ ಟೆಲಿಫೋನ್ ಕಚೇರಿಗೆ ತಿಳಿಸಿ, ಕೇಬಲ್ ಎಲ್ಲಿದೆಯೆಂದು ಕೇಳಿ. ಗುರುತಿನ ಕಲ್ಲು ಕೀಳಬೇಡಿ. ಕೇಬಲ್ ತುಂಡಾದರೆ ಹೆದರಿ ಮಣ್ಣು ಮುಚ್ಚಬೇಡಿ, ಓಡಿಹೋಗಿಯಾದರೂ ಹೇಳಿ. ಆ ಹೊತ್ತಿನಲ್ಲಿ ಎಲ್ಲೋ ಒಬ್ಬ ತಾಯಿ ಫೋನು ಕಿವಿಗಿಟ್ಟುಕೊಂಡು "ಹಲೋ, ಹಲೋ" ಅನ್ನುತ್ತಿರುತ್ತಾಳೆ.