ಹತ್ತಿ ಮಿಲ್ಲಿನಿಂದ ಬಂದ ಮೇಲ್

ನರಗುಂದದ ಹತ್ತಿ ಮಿಲ್ಲಿನಲ್ಲಿ ನನ್ನನ್ನು ಕಂಪ್ಯೂಟರ್ ಕೆಲಸಕ್ಕೆ ಇಟ್ಟವರು ಪಾಲುದಾರ ಮಹಾಲಿಂಗಪ್ಪನವರು. ಮಾಲಕ ಶಿವನಪ್ಪನಿಗೆ ನಾನೆಂದರೆ ಮೈಯೆಲ್ಲ ಉರಿ. ನನಗೂ ಅವನನ್ನು ಕಂಡರೆ ಅಷ್ಟೇ, ಮುಚ್ಚಿಡುವುದೇನು?

ಊರಿಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿತ್ತು. ಕೊಣ್ಣೂರಿನ ಶಾಖೆಯ ತೂಕದ ಲೆಕ್ಕ ರಾತ್ರಿ ಬಂದು ಸೇರುವುದರಿಂದ ನಮ್ಮ ಸರ್ವರ್ ಕಂಪ್ಯೂಟರನ್ನು ಆರಿಸುವ ಹಾಗಿರಲಿಲ್ಲ. ಆದರೆ ದಿನ ಬಿಟ್ಟು ದಿನ ಬೆಳಿಗ್ಗೆ ಹೋಗಿ ನೋಡಿದರೆ ಅದು ನಡುವೆಯೇ ನಿಂತುಹೋಗಿ, ಅರ್ಧ ಲೆಕ್ಕ ಹಾಳಾಗಿರುತ್ತಿತ್ತು. ಶಿವನಪ್ಪ ಹಮಾಲರ ಎದುರಿಗೇ ನನ್ನ ಮೇಲೆ ಕೂಗುತ್ತಿದ್ದ.

“ಈ ಫರ್ಜಾನಾನ ಕೆಡಸ್ತಾಳ. ಇನ್ನೊಮ್ಮಿ ಕೆಟ್ಟರ ಮನಿಗಿ ನಡಿ!”

ಕೆಲಸ ಹೋದರೆ ಹೋಗಲಿ, ಹೆಸರು ಕೆಡುವುದನ್ನು ಸಹಿಸಲು ನನ್ನಿಂದಾಗಲಿಲ್ಲ. ಸರ್ವರ್ ತನಗೆ ಆದದ್ದನ್ನೆಲ್ಲ ಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ನಿಂತದ್ದು ಅದರಲ್ಲಿ ದಾಖಲಾದರೆ, ಮತ್ತೆ ಚಾಲೂ ಆದ ಕೂಡಲೇ, ನಿಂತ ಹೊತ್ತಿನ ಸಮೇತ ನನಗೂ ಇಬ್ಬರು ಮಾಲಕರಿಗೂ ಮೇಲ್ ಹೋಗುವಂತೆ ಮಾಡಿದೆ.

ಬಂದ ಮೇಲುಗಳೆಲ್ಲ ಹೇಳಿದ್ದು ಒಂದೇ: ನಿಂತದ್ದು ರಾತ್ರಿ, ನಾನು ಮನೆ ಸೇರಿದ ಮೇಲೆ. ಕರೆಂಟು ಹೋಗಿತ್ತೇ ಎಂದು ಕಾವಲುಗಾರ ನೀಲಪ್ಪನನ್ನು ಕೇಳಿದೆ.

“ಎಲ್ಲಿ ಹೋಗಿತ್ತವ್ವಾ? ಶಿವನಪ್ಪ ಸಾವ್ಕಾರ್ರು ತಾವ ಬಾಗಲಾ ಹಾಕಿದ ದಿನಾ ಮೇನ್ ಸ್ವಿಚ್ ತಗದ ಹೋಗ್ತಾರ. ಮುಂಜಾನಿ ನಾ ಹಾಕ್ತೀನಿ.”

ಮೇಲುಗಳನ್ನು ಪ್ರಿಂಟ್ ತೆಗೆದು ಇಬ್ಬರು ಮಾಲಕರ ಮುಂದೆಯೂ ಇಟ್ಟೆ. ಈಗಲಾದರೂ ಶಿವನಪ್ಪ ತಲೆ ತಗ್ಗಿಸಿಯಾನು ಎಂದುಕೊಂಡಿದ್ದೆ.

“ಹೌದ, ನಾನ ತಗದೀನಿ,” ಅಂದ. “ಹತ್ತಿ ಇರೋ ಜಾಗಾದಾಗ ಮೇನ್ ಹಂಗ ಬಿಟ್ಟ ಹೋಗೋ ಮಗಾ ಯಾವನದಾನ? ಒಂದ ಕಿಡಿ ಬಿದ್ರ ಎಲ್ಲಾ ಬೂದಿ! ನಮ್ಮಪ್ಪನ ಕಾಲದಿಂದ ಬಂದ ರೂಢಿ ಇದು.”

ಮಹಾಲಿಂಗಪ್ಪನವರು ತಲೆಯಾಡಿಸಿದರು. “ಅದು ಖರೇನ ಐತಿ.”

“ಹಂಗಾರ ಲೆಕ್ಕ ಕೆಡಿಸಿದಾಕಿ ನಾ ಅಲ್ಲಲ್ರಿ?”

“ಮಾಲಕರ ಮ್ಯಾಲ ಕಾವಲಾ ಇಡತೀ? ಉಂಡ ಮನಿ ಜಂತಿ ಎಣಸ್ತೀ?” ಶಿವನಪ್ಪ ಹಾಳೆಗಳನ್ನು ಮುದುಡಿ ನನ್ನ ಕಾಲ ಬಳಿ ಒಗೆದ. “ಮೊದಲ ಆ ಮೇಲ್ ಬಂದ್ ಮಾಡ. ಆಮ್ಯಾಲ ನಿನ್ನ ಕೆಲಸಾನೂ ಬಂದ್.”

ಮಹಾಲಿಂಗಪ್ಪನವರು ಕಿಟಕಿಯ ಕಡೆ ನೋಡುತ್ತಿದ್ದರು. ಕರೆತಂದವರೇ ಕೈಬಿಟ್ಟ ಮೇಲೆ ಇನ್ನಾರನ್ನು ಕೇಳುವುದು? ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಬಾಗಿಲಲ್ಲಿ ನಿಂತು ಕೇಳಿದೆ: “ನಾ ಹೋದ ಮ್ಯಾಲೂ ಲೆಕ್ಕ ಕೆಡತೈತ್ರಿ. ಆವಾಗ ಯಾರ ತಪ್ಪ ಅಂತೀರಿ?”

ಶಿವನಪ್ಪ ಯೋಚನೆಯನ್ನೂ ಮಾಡಲಿಲ್ಲ.

“ನಾಳಿ ಹೊಸಾಕಿ ಬರ್ತಾಳಲ್ಲ, ಆಕಿದು.”